ಹಿರಿಯರು ಇರುವಾಗಲೇ ಮನೆಯ ಕಾಗದಪತ್ರ ಸರಿಪಡಿಸಿಕೊಳ್ಳುವುದು ಹೇಗೆ

ಐವತ್ತು ದಾಟಿದವರನ್ನು ಕೂರಿಸಿಕೊಂಡು, ಬದುಕಿನಲ್ಲಿ ಇನ್ನೂ ಮೊದಲೇ ಕಲಿಯಬೇಕಿತ್ತು ಎನಿಸುವ ಪಾಠ ಯಾವುದು ಎಂದು ಕೇಳಿದರೆ ಆರೋಗ್ಯ, ಉಳಿತಾಯ, ಸ್ನೇಹ ಎಂದು ನಾನಾ ಉತ್ತರಗಳು ಬರುತ್ತವೆ. ಅದೇ ಪ್ರಶ್ನೆಯನ್ನು ತಾಲ್ಲೂಕು ಕಚೇರಿಯ ಜಗಲಿಯ ಮೇಲೆ, ಬ್ಯಾಂಕ್ ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಥವಾ ಸಿವಿಲ್ ನ್ಯಾಯಾಲಯದ ಆವರಣದಲ್ಲಿ ಕಾಯುತ್ತಿರುವವರಿಗೆ ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಅಪ್ಪ ಇದ್ದಾಗಲೇ ಇದನ್ನೆಲ್ಲ ಕೇಳಿ ತಿಳಿದುಕೊಳ್ಳಬೇಕಿತ್ತು. ಬದುಕಿರುವವರು ಹಾಕುವ ಒಂದು ಸಹಿಯಿಂದ ಮುಗಿಯುವ ಕೆಲಸಕ್ಕೆ, ಅವರು ಹೋದ ಮೇಲೆ ವಂಶವೃಕ್ಷ, ಅಫಿಡವಿಟ್, ಜಾಮೀನುದಾರರು, ಕೆಲವೊಮ್ಮೆ ಹತ್ತಾರು ವರ್ಷಗಳ ದಾವೆ ಬೇಕಾಗುತ್ತದೆ. ಈ ಲೇಖನವು ಆ ಸಹಿಗಳನ್ನು ಸಕಾಲದಲ್ಲಿ ಹಾಕಿಸುವ, ಮತ್ತು ನಮ್ಮದೇ ಸಹಿಗಳನ್ನು ಸಕಾಲದಲ್ಲಿ ಹಾಕುವ ಕ್ರಮವನ್ನು ಕರ್ನಾಟಕದ ಕಚೇರಿಗಳ ರೂಢಿಗೆ ಹೊಂದುವಂತೆ ವಿವರಿಸುತ್ತದೆ. ಉತ್ತರಾಧಿಕಾರದ ವಿಷಯದಲ್ಲಿ ಇಲ್ಲಿ ಹೇಳಿರುವುದು ಮುಖ್ಯವಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಕುಟುಂಬಗಳಿಗೆ ಸಂಬಂಧಿಸಿದ್ದು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ ನಿಯಮಗಳು ಬೇರೆ ಇವೆ.

ಮೊದಲ ಹೆಜ್ಜೆ: ಮಾತು ಎತ್ತುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಸಾವಿನ ಮಾತು ಬಂದರೆ ‘ಬಿಡ್ತು ಅನ್ನು’ ಎನ್ನುವ ಮನೆಗಳಲ್ಲಿ, ಆಸ್ತಿಯ ಪತ್ರ ಎಲ್ಲಿದೆ ಎಂದು ಮಗ ಕೇಳಿದರೆ ಅದು ಕಾಳಜಿಯಾಗಿ ಕೇಳಿಸುವುದಿಲ್ಲ, ಪಾಲು ಕೇಳಿದಂತೆ ಕೇಳಿಸುತ್ತದೆ. ಸೊಸೆ ಕೇಳಿದರಂತೂ ಆ ದಿನವೆಲ್ಲ ಮನೆಯಲ್ಲಿ ಮೌನ. ಆದ್ದರಿಂದ ಪ್ರಶ್ನೆಯಿಂದ ಆರಂಭಿಸದೆ ನಿಮ್ಮ ಕಡೆಯ ಲೆಕ್ಕ ಒಪ್ಪಿಸುವುದರಿಂದ ಆರಂಭಿಸುವುದು ಒಳ್ಳೆಯದು. ನಿಮ್ಮ ವಿಮಾ ಪಾಲಿಸಿ ಯಾವುದು, ಭವಿಷ್ಯನಿಧಿಗೆ ಯಾರನ್ನು ನಾಮಿನಿ ಮಾಡಿದ್ದೀರಿ, ಗೃಹಸಾಲ ಎಷ್ಟು ಉಳಿದಿದೆ ಎಂಬುದನ್ನು ಬರೆದು ತಂದು ಹಿರಿಯರ ಮುಂದೆ ಇಡಿ. ‘ನನಗೇನಾದರೂ ಆದರೆ ನಿಮಗೆ ಗೊತ್ತಿರಲಿ’ ಎಂದು ಮಗನೋ ಮಗಳೋ ಹೇಳಿದಾಗ, ಬಹುಪಾಲು ತಂದೆತಾಯಿಯರು ತಮ್ಮ ಟ್ರಂಕಿನ ಬೀಗವನ್ನು ತಾವಾಗಿಯೇ ತೆಗೆಯುತ್ತಾರೆ.

ಸಂದರ್ಭದ ಆಯ್ಕೆಯೂ ಮುಖ್ಯ. ಆಸ್ಪತ್ರೆಯ ವಾರ್ಡು ಇದಕ್ಕೆ ತಕ್ಕ ಜಾಗವಲ್ಲ. ಮನೆ ಕಂದಾಯ ಕಟ್ಟುವ ದಿನ, ವಿಮೆಯ ಕಂತು ತುಂಬುವ ದಿನ, ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸುವ ನವೆಂಬರ್ ತಿಂಗಳು, ಇಂಥ ದಿನಗಳಲ್ಲಿ ಕಾಗದಗಳು ಹೇಗೂ ಹೊರಬಂದಿರುತ್ತವೆ, ಮಾತು ಸಹಜವಾಗಿ ಸಾಗುತ್ತದೆ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ಈ ಮಾತುಕತೆಯಲ್ಲಿ ತಾಯಿಯೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಕುಳಿತಿರಬೇಕು. ಅಪ್ಪ ಮತ್ತು ಹಿರಿಯ ಮಗ ಇಬ್ಬರೇ ಕುಳಿತು ಮಾಡಿಕೊಂಡ ವ್ಯವಸ್ಥೆ ಎಷ್ಟೇ ನ್ಯಾಯವಾಗಿದ್ದರೂ, ಉಳಿದವರಿಗೆ ಅದು ಹಿಂದಿನಿಂದ ತಿಳಿದಾಗ ಸಂಶಯಕ್ಕೆ ಕಾರಣವಾಗುತ್ತದೆ.

ಎರಡನೆಯ ಹೆಜ್ಜೆ: ಒಂದು ನೋಟುಪುಸ್ತಕ

ದೊಡ್ಡ ಗಾತ್ರದ, ಗಟ್ಟಿ ರಟ್ಟಿನ ಒಂದು ನೋಟುಪುಸ್ತಕ ಸಾಕು. ಕಂಪ್ಯೂಟರಿನಲ್ಲಿ ಇಡುವವರು ಇಡಬಹುದು, ಆದರೆ ಮನೆಯಲ್ಲಿ ಉಳಿಯುವ ತಾಯಿ ಅದನ್ನು ತೆರೆದು ಓದಬಲ್ಲರೇ ಎಂಬುದನ್ನು ಯೋಚಿಸಿ ಇಡಬೇಕು. ಅದರಲ್ಲಿ ಬ್ಯಾಂಕ್ ಮತ್ತು ಅಂಚೆ ಕಚೇರಿ ಖಾತೆಗಳು, ನಿಶ್ಚಿತ ಠೇವಣಿಗಳು, ಸಹಕಾರ ಸಂಘದ ಷೇರು ಮತ್ತು ಠೇವಣಿ, ವಿಮಾ ಪಾಲಿಸಿಗಳು, ಭವಿಷ್ಯನಿಧಿ, ಜಮೀನು ಮತ್ತು ಮನೆಯ ದಾಖಲೆಗಳು, ಲಾಕರಿನ ಸಂಖ್ಯೆ ಮತ್ತು ಬೀಗದ ಕೈ ಇರುವ ಜಾಗ, ಅಡವಿಟ್ಟ ಒಡವೆಯ ರಸೀದಿ, ಇವೆಲ್ಲ ಯಾವ ಶಾಖೆಯಲ್ಲಿ ಯಾರ ಹೆಸರಿನಲ್ಲಿ ಇವೆ ಮತ್ತು ನಾಮಿನಿ ಯಾರು ಎಂಬುದನ್ನು ಬರೆಯಿರಿ. ಎಟಿಎಂ ಪಿನ್ ಮತ್ತು ಪಾಸ್‌ವರ್ಡ್‌ಗಳನ್ನು ಮಾತ್ರ ಇದರಲ್ಲಿ ಬರೆಯಬಾರದು.

ಆಸ್ತಿಗಿಂತ ಹೆಚ್ಚಾಗಿ ಮರೆತುಹೋಗುವುದು ಸಾಲ. ಅಪ್ಪ ಯಾರಿಗೆ ಕೈಗಡ ಕೊಟ್ಟಿದ್ದಾರೆ, ಯಾರಿಂದ ತೆಗೆದುಕೊಂಡಿದ್ದಾರೆ, ಯಾವ ಚೀಟಿಯಲ್ಲಿ ಎಷ್ಟು ಕಂತು ಕಟ್ಟಿದ್ದಾರೆ, ಯಾರ ಸಾಲಕ್ಕೆ ಜಾಮೀನು ಹಾಕಿದ್ದಾರೆ ಎಂಬುದು ಬಹಳಷ್ಟು ಮನೆಗಳಲ್ಲಿ ಅವರ ತಲೆಯಲ್ಲಿ ಮಾತ್ರ ಇರುತ್ತದೆ. ಬೇಡಿಕೆಯ ಮೇರೆಗೆ ಕೊಡಬೇಕಾದ ಪ್ರಾಮಿಸರಿ ನೋಟಿನ ಹಣಕ್ಕೆ ದಾವೆ ಹೂಡಲು ಬರೆದ ದಿನಾಂಕದಿಂದ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಇರುತ್ತದೆ. ಅವಧಿಯೊಳಗೆ ಸಾಲಗಾರನಿಂದ ಬರಹದಲ್ಲಿ ಒಪ್ಪಿಗೆಯನ್ನು ಪಡೆದರೆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಎಷ್ಟೋ ನೋಟುಗಳು ಬೀರುವಿನಲ್ಲಿಯೇ ಬೆಲೆ ಕಳೆದುಕೊಳ್ಳುತ್ತವೆ. ತಂದೆಯ ಸಾಲಕ್ಕೆ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ಹೊಣೆಗಾರರೇ ಎಂಬ ಭಯವೂ ಸಾಮಾನ್ಯ. ತಂದೆಯಿಂದ ಬಂದ ಆಸ್ತಿಯ ಮೌಲ್ಯದ ಮಿತಿಯೊಳಗೆ ಮಾತ್ರ ಆ ಹೊಣೆ ಇರುತ್ತದೆ. ಮಕ್ಕಳು ತಾವೇ ಸಹಸಾಲಗಾರರೋ ಜಾಮೀನುದಾರರೋ ಆಗಿದ್ದರೆ ಮಾತು ಬೇರೆ.

ಪಾಸ್‌ಪುಸ್ತಕಗಳನ್ನು ಬರೆಸಿಕೊಂಡು ಬಂದು ಒಂದೊಂದೇ ಸಾಲನ್ನು ಓದುವುದು ಬೇಸರದ ಕೆಲಸವಾದರೂ ಮಾಡಲೇಬೇಕು. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ಕಂತು. 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. ಮೊದಲನೆಯದು ಯಾವುದೇ ಕಾರಣದ ಸಾವಿಗೆ, ಎರಡನೆಯದು ಅಪಘಾತದ ಸಾವಿಗೆ ತಲಾ 2 ಲಕ್ಷ ರೂಪಾಯಿ ಕೊಡುತ್ತವೆ. ಖಾತೆ ತೆರೆಯುವಾಗ ಬ್ಯಾಂಕಿನವರು ಕೊಟ್ಟ ಫಾರಂಗೆ ಸಹಿ ಹಾಕಿ ಮರೆತವರು ಹಳ್ಳಿಹಳ್ಳಿಯಲ್ಲಿ ಇದ್ದಾರೆ, ಮತ್ತು ಅವರ ಮನೆಯವರು ಆ ಹಣವನ್ನು ಕೇಳದೆಯೇ ಬಿಡುವುದೂ ಉಂಟು. ಹಾಗೆಯೇ ಹತ್ತು ವರ್ಷ ವ್ಯವಹಾರ ನಡೆಯದ ಖಾತೆಯ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗಾಯಿಸುತ್ತವೆ. ಅದು ಕಳೆದುಹೋದ ಹಣವಲ್ಲ. ಖಾತೆದಾರರೋ ವಾರಸುದಾರರೋ ಅದೇ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಅಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ಆರಂಭಿಸಿದೆ.

ಸಹಕಾರ ಸಂಘಗಳ ಠೇವಣಿಯ ಬಗ್ಗೆ ಒಂದು ಎಚ್ಚರಿಕೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಸಿಗುವ ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ, ಆದರೆ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡು ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ಮೂರನೆಯ ಹೆಜ್ಜೆ: ಹೆಸರುಗಳನ್ನು ಹೊಂದಿಸುವುದು

ನಮ್ಮ ಕಡೆಯ ಹೆಸರುಗಳ ಕಥೆ ದೊಡ್ಡದು. ಜಮೀನಿನ ಕಂದಾಯ ದಾಖಲೆಯಾದ ಪಹಣಿಯಲ್ಲಿ ‘ಭೀಮಪ್ಪ ಬಿನ್ ಹನುಮಪ್ಪ’, ಆಧಾರಿನಲ್ಲಿ ಊರಿನ ಹೆಸರು ಸೇರಿದ ಭೀಮಪ್ಪ, ಬ್ಯಾಂಕಿನಲ್ಲಿ ‘ಎಚ್. ಭೀಮಪ್ಪ’, ಹಳೆಯ ಕ್ರಯಪತ್ರದಲ್ಲಿ ‘ಭೀಮಪ್ಪ ಉರುಫ್ ಭೀಮಣ್ಣ’. ಹೆಂಗಸರದ್ದು ಇನ್ನೂ ತೊಡಕು: ತವರಿನ ದಾಖಲೆಯಲ್ಲಿ ತಂದೆಯ ಇನಿಷಿಯಲ್, ಗಂಡನ ಮನೆಯ ದಾಖಲೆಯಲ್ಲಿ ‘ಕೋಂ’ ಸೇರಿಸಿದ ಹೆಸರು, ಕೆಲವು ಮನೆಗಳಲ್ಲಿ ಮದುವೆಯ ದಿನ ಬದಲಿಸಿದ ಹೆಸರೇ ಬೇರೆ. ವ್ಯಕ್ತಿ ಬದುಕಿರುವಾಗ ಅವರೇ ಎದುರು ನಿಂತು ‘ನಾನೇ ಅವನು’ ಎಂದು ಹೇಳಿದರೆ ತಿದ್ದುಪಡಿ ಸುಲಭ; ಅವರು ಹೋದ ಮೇಲೆ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡುವ ಹೊಣೆ ಮಕ್ಕಳ ಮೇಲೆ ಬೀಳುತ್ತದೆ.

ಎಲ್ಲ ದಾಖಲೆಗಳನ್ನೂ ಏಕಕಾಲಕ್ಕೆ ಬದಲಿಸಲು ಹೋಗಬೇಡಿ. ಮೊದಲು ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಒಂದೇ ಕಾಗುಣಿತ ಇರುವಂತೆ ನೋಡಿಕೊಂಡು, ಆಮೇಲೆ ಬ್ಯಾಂಕ್, ವಿಮೆ, ಭವಿಷ್ಯನಿಧಿಗಳಲ್ಲಿ ಅದೇ ಹೆಸರನ್ನು ತರಬೇಕು. ಹಳೆಯ ನೋಂದಾಯಿತ ಪತ್ರಗಳಲ್ಲಿ ಇರುವ ಹೆಸರನ್ನು ಹಾಗೆಯೇ ಬಿಟ್ಟು, ಎರಡೂ ಹೆಸರು ತನ್ನದೇ ಎಂದು ಆ ವ್ಯಕ್ತಿಯಿಂದಲೇ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ನಾಮಿನಿ ಎಂದರೆ ಒಡೆಯನಲ್ಲ

ಈ ಒಂದು ಸಂಗತಿ ಗೊತ್ತಿಲ್ಲದೆ ಅಣ್ಣತಮ್ಮಂದಿರ ನಡುವೆ, ಅತ್ತೆಸೊಸೆಯರ ನಡುವೆ ಆದಷ್ಟು ಜಗಳ ಬೇರೆ ಯಾವುದರಿಂದಲೂ ಆಗಿಲ್ಲವೇನೋ. ಬ್ಯಾಂಕು ಖಾತೆದಾರರ ಮರಣಾನಂತರ ನಾಮಿನಿಗೆ ಹಣ ಕೊಟ್ಟು ತನ್ನ ಹೊಣೆಯನ್ನು ಕಳೆದುಕೊಳ್ಳುತ್ತದೆ, ಅಷ್ಟೆ. ಆ ಹಣವನ್ನು ಉಯಿಲಿನ ಪ್ರಕಾರ, ಉಯಿಲು ಇಲ್ಲದಿದ್ದರೆ ಕಾನೂನಿನ ಪ್ರಕಾರ ವಾರಸುದಾರರಿಗೆ ಹಂಚಬೇಕಾದವರು ನಾಮಿನಿ. ಷೇರುಗಳ ವಿಷಯದಲ್ಲಿಯೂ ನಾಮಿನಿಯ ಹೆಸರು ಉತ್ತರಾಧಿಕಾರ ಕಾನೂನನ್ನು ಮೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ತೀರ್ಪು ನೀಡಿದೆ.

ಜೀವವಿಮೆಯಲ್ಲಿ ಸ್ವಲ್ಪ ಗೊಂದಲವಿದೆ. 2015ರ ತಿದ್ದುಪಡಿಯು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಅವರು ಹಣದ ಫಲಾನುಭವಿಗಳೇ ಆಗುತ್ತಾರೆ ಎನ್ನುವಂಥ ಮಾತನ್ನು ಸೇರಿಸಿತು. ಆದರೆ ಅವಿವಾಹಿತನಾಗಿದ್ದಾಗ ತಾಯಿಯನ್ನು ನಾಮಿನಿ ಮಾಡಿ, ಮದುವೆಯಾಗಿ ಮಗುವಾದ ಮೇಲೂ ಅದನ್ನು ಬದಲಿಸದೆ ತೀರಿಕೊಂಡ ವ್ಯಕ್ತಿಯೊಬ್ಬರ ಪ್ರಕರಣದಲ್ಲಿ, ಹೆಂಡತಿ ಮತ್ತು ಮಗುವಿಗೂ ಆ ಹಣದಲ್ಲಿ ಪಾಲು ಇದೆ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿತು. ನ್ಯಾಯಾಲಯಗಳೇ ಬೇರೆ ಬೇರೆ ರೀತಿಯಲ್ಲಿ ಅರ್ಥೈಸುತ್ತಿರುವ ವಿಷಯವನ್ನು ಮನೆಯವರ ಪಾಲಿಗೆ ಬಿಟ್ಟುಹೋಗುವುದಕ್ಕಿಂತ ಒಂದು ಫಾರಂ ತುಂಬುವುದು ಲೇಸು. ನೌಕರರ ಭವಿಷ್ಯನಿಧಿಯಲ್ಲಂತೂ ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನ ಮದುವೆಯೊಂದಿಗೆ ರದ್ದಾಗುತ್ತದೆ; ಹೊಸದಾಗಿ ಮಾಡಬೇಕೆಂಬುದು ಖಾಸಗಿ ಕಂಪನಿಗಳಲ್ಲಿ ದುಡಿಯುವ ಅನೇಕರಿಗೆ ತಿಳಿದೇ ಇರುವುದಿಲ್ಲ. ಭವಿಷ್ಯನಿಧಿಯ ಸದಸ್ಯರು ನೌಕರಿಯಲ್ಲಿರುವಾಗ ತೀರಿಕೊಂಡರೆ ಅದಕ್ಕೆ ಸೇರಿದ ವಿಮಾ ಯೋಜನೆಯಿಂದ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಪ್ರತ್ಯೇಕವಾಗಿ ಸಿಗುತ್ತದೆ ಎಂಬುದನ್ನೂ ನೋಟುಪುಸ್ತಕದಲ್ಲಿ ಬರೆದಿಡಿ.

ಆದ್ದರಿಂದ ಮಾಡಬೇಕಾದದ್ದು ಇಷ್ಟು: ಪ್ರತಿ ಖಾತೆ, ಠೇವಣಿ, ಲಾಕರು, ಪಾಲಿಸಿ, ಮ್ಯೂಚುವಲ್ ಫಂಡ್, ಭವಿಷ್ಯನಿಧಿಯ ನಾಮಿನಿಯನ್ನು ಒಮ್ಮೆ ಪರಿಶೀಲಿಸಿ, ತೀರಿಕೊಂಡವರ ಹೆಸರಿದ್ದರೆ ಬದಲಿಸಿ, ಉಯಿಲಿನಲ್ಲಿ ಯಾರಿಗೆ ಕೊಡುತ್ತೀರೋ ಅವರನ್ನೇ ಸಾಧ್ಯವಾದಷ್ಟು ನಾಮಿನಿಯನ್ನಾಗಿಯೂ ಮಾಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು, ಯಾರಿಗೆ ಶೇಕಡಾ ಎಷ್ಟು ಎಂದು ಸೂಚಿಸಿ ನೇಮಿಸಲು ಅವಕಾಶವಿದೆ. ಗಂಡಹೆಂಡಿರ ಉಳಿತಾಯ ಖಾತೆಯನ್ನು ಜಂಟಿಯಾಗಿಸಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತನ್ನು ಹಾಕಿಸಿದರೆ ಒಬ್ಬರು ಹೋದ ಮರುದಿನದ ಖರ್ಚಿಗೆ ಇನ್ನೊಬ್ಬರು ಯಾರ ಮುಂದೆಯೂ ನಿಲ್ಲಬೇಕಾಗುವುದಿಲ್ಲ.

ಐದನೆಯ ಹೆಜ್ಜೆ: ಜಮೀನು ಮತ್ತು ಮನೆ

ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ ಒಂಬತ್ತನೆಯ ಕಲಂನಲ್ಲಿ ಈಗಲೂ ತೀರಿಕೊಂಡ ಅಜ್ಜನ ಹೆಸರೇ ಇರುವ ಜಮೀನುಗಳು ಪ್ರತಿ ಗ್ರಾಮದಲ್ಲೂ ಇವೆ. ಉಳುಮೆ ನಡೆಯುತ್ತಿದೆ, ಯಾರೂ ಕೇಳುತ್ತಿಲ್ಲ ಎಂದು ಬಿಟ್ಟರೆ ತೊಂದರೆ ಕಾಣಿಸುವುದು ಬೆಳೆ ಪರಿಹಾರ ಬಂದಾಗ, ರಸ್ತೆಗೆ ಭೂಸ್ವಾಧೀನವಾದಾಗ, ಸಹಕಾರ ಸಂಘದಲ್ಲಿ ಸಾಲ ಕೇಳಿದಾಗ. ಅಷ್ಟರಲ್ಲಿ ಅಜ್ಜನ ಮಕ್ಕಳಲ್ಲಿ ಕೆಲವರು ತೀರಿಕೊಂಡು, ಮೊಮ್ಮಕ್ಕಳು ಬೆಂಗಳೂರು, ಪುಣೆ, ದುಬೈ ಎಂದು ಚದುರಿ, ಒಂದು ಪೌತಿ ಖಾತೆಗೆ, ಎಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ದಾಖಲೆ ಬದಲಿಸುವುದಕ್ಕೆ, ಮೂರು ಮರಣ ಪ್ರಮಾಣಪತ್ರ ಮತ್ತು ಹತ್ತಿಪ್ಪತ್ತು ಸಹಿಗಳು ಬೇಕಾಗುತ್ತವೆ. ಪೌತಿ ಖಾತೆ ಬಾಕಿ ಇದ್ದರೆ ಅದನ್ನು ಇಂದಿನ ಹಿರಿಯ ತಲೆಮಾರು ಇರುವಾಗಲೇ ಮುಗಿಸಿಕೊಳ್ಳುವುದು ಈ ಹೆಜ್ಜೆಯ ಮೊದಲ ಕೆಲಸ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಪಹಣಿ ಮತ್ತು ವಾರಸುದಾರರ ಆಧಾರ್ ಇದಕ್ಕೆ ಬೇಕಾದ ಮುಖ್ಯ ದಾಖಲೆಗಳು.

ವಂಶವೃಕ್ಷ ಮಾಡಿಸುವಾಗ ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಇದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು, ಏಕೆಂದರೆ ಹಾಗೆ ಮಾಡಿಕೊಂಡ ಖಾತೆ ಮತ್ತು ಅದರ ಆಧಾರದ ಮೇಲೆ ನಡೆದ ಮಾರಾಟ ಎಂದಾದರೂ ಪ್ರಶ್ನೆಗೆ ಒಳಗಾಗಬಹುದು. ಕರ್ನಾಟಕವು 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದವರನ್ನೂ ಸೇರಿಸಿಕೊಂಡಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅಕ್ಕತಂಗಿಯರು ತಮ್ಮ ಪಾಲನ್ನು ಮನಸ್ಸಿನಿಂದಲೇ ಬಿಟ್ಟುಕೊಡುವುದಾದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಎಂಬ ದಾರಿ ಇದೆ. ‘ನನಗೇನೂ ಬೇಡ ಅಣ್ಣ’ ಎಂದು ಹಬ್ಬದ ದಿನ ಹೇಳಿದ ಮಾತು ದಾಖಲೆಯಾಗುವುದಿಲ್ಲ, ಮತ್ತು ಆ ಮಾತನ್ನು ಆಕೆಯ ಮಕ್ಕಳು ಒಪ್ಪಬೇಕೆಂದೂ ಇಲ್ಲ.

ಊರ ಹಿರಿಯರ ಮುಂದೆ ಬರೆದುಕೊಂಡ ಪಾಲುಪಟ್ಟಿಗಳದ್ದೂ ಇದೇ ಕಥೆ. ಬಾಯಿಮಾತಿನ ಪಾಲು ಆಗಿದೆ ಎಂಬ ವಾದವನ್ನು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ. ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿ ವರ್ಷಗಳಾಗಿದ್ದರೂ ಪಹಣಿ ಜಂಟಿಯಾಗಿಯೇ ಇದ್ದರೆ, ಎಲ್ಲರೂ ಒಂದೇ ಮನಸ್ಸಿನಲ್ಲಿ ಇರುವ ಹೊತ್ತು ನೋಡಿ ವಿಭಾಗಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಪೋಡಿ (ಅಳತೆ ಮಾಡಿ ಜಮೀನನ್ನು ದಾಖಲೆಯಲ್ಲಿ ಬೇರ್ಪಡಿಸುವುದು) ಮಾಡಿಸಿ, ಪ್ರತ್ಯೇಕ ಪಹಣಿ ಪಡೆಯಬೇಕು. ಅಳತೆಗೆ ಭೂಮಾಪಕರು ಬರುವ ದಿನ ಅಕ್ಕಪಕ್ಕದ ಜಮೀನಿನವರೂ ಇರುವಂತೆ ನೋಡಿಕೊಂಡರೆ ಬದುವಿನ ತಕರಾರನ್ನೂ ಅಂದೇ ತೀರಿಸಬಹುದು.

ಪಟ್ಟಣದ ಮನೆಗೆ ಸಂಬಂಧಿಸಿದಂತೆ ಹೇಳುವುದು ಕಡಿಮೆ. ಕ್ರಯಪತ್ರ, ಅದರ ಹಿಂದಿನ ಮಾತೃಪತ್ರಗಳು, ಋಣಭಾರ ಪತ್ರ (ಆಸ್ತಿಯ ಮೇಲಿನ ಅಡಮಾನ, ವ್ಯವಹಾರಗಳನ್ನು ತೋರಿಸುವ ಪತ್ರ), ಖಾತೆ (ಕಂದಾಯಕ್ಕಾಗಿ ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ದಾಖಲೆ), ಕಂದಾಯ ರಸೀದಿ ಒಂದೇ ಕಡತದಲ್ಲಿ ಇರಲಿ. ಗೃಹಸಾಲ ತೀರಿದ್ದರೆ ಬ್ಯಾಂಕಿನಿಂದ ಮೂಲಪತ್ರಗಳನ್ನು ಹಿಂಪಡೆದಿದ್ದೀರಾ ಮತ್ತು ಋಣಭಾರ ಪತ್ರದಲ್ಲಿ ಅಡಮಾನ ತೆರವಾಗಿದೆಯೇ ಎಂದು ನೋಡಿ. ಖಾತೆಯ ಗಣಕೀಕೃತ ರೂಪವಾದ ಇ-ಖಾತೆ ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ಖಾತೆಯಾಗಲಿ ಪಹಣಿಯಾಗಲಿ ಕಂದಾಯಕ್ಕೆ ಸಂಬಂಧಿಸಿದ ದಾಖಲೆ, ಅದೊಂದರಿಂದಲೇ ಒಡೆತನ ಬರುವುದಿಲ್ಲ ಎಂಬುದು ನೆನಪಿನಲ್ಲಿರಲಿ.

ಆರನೆಯ ಹೆಜ್ಜೆ: ಉಯಿಲು

ಉಯಿಲು ಶ್ರೀಮಂತರಿಗೆ ಎಂಬ ಭಾವನೆ ಇದೆ. ಸಣ್ಣ ಆಸ್ತಿಯ ಕುಟುಂಬಕ್ಕೇ ಅದು ಹೆಚ್ಚು ಬೇಕು, ಏಕೆಂದರೆ ದಾವೆಯ ಖರ್ಚನ್ನು ತಡೆದುಕೊಳ್ಳುವ ಶಕ್ತಿ ಆ ಕುಟುಂಬಕ್ಕೆ ಇರುವುದಿಲ್ಲ. ಉಯಿಲು ಇಲ್ಲದೆ ಹಿಂದೂ ಪುರುಷರೊಬ್ಬರು ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಬದುಕಿದ್ದರೆ ತಾಯಿ, ಇವರೆಲ್ಲರಿಗೂ ಸಮಪಾಲು. ಗಂಡನ ಮನೆ ತನ್ನಷ್ಟಕ್ಕೆ ತಾನೇ ಹೆಂಡತಿಗೆ ಬರುತ್ತದೆ ಎಂದು ನಂಬಿದವರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಹೆಂಡತಿ ಕೊನೆಯವರೆಗೂ ಅದೇ ಮನೆಯಲ್ಲಿ ನಿಶ್ಚಿಂತೆಯಿಂದ ಇರಬೇಕೆಂದರೆ ಅದನ್ನು ಉಯಿಲಿನಲ್ಲಿ ಬರೆಯಬೇಕು.

ಉಯಿಲಿಗೆ ಛಾಪಾಕಾಗದ ಬೇಕಿಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆಯಬಹುದು. ಬರೆಯುವವರು ಸ್ವಸ್ಥಚಿತ್ತರಾಗಿರಬೇಕು, ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿ ತಾವೂ ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದೇ ಉತ್ತಮ, ಏಕೆಂದರೆ ನೋಂದಾಯಿತ ಉಯಿಲು ಕಳೆದುಹೋದರೂ ಪ್ರತಿ ಸಿಗುತ್ತದೆ. ಒಳಗಿನ ವಿಷಯ ಯಾರಿಗೂ ತಿಳಿಯಬಾರದು ಎನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡುವ ಅವಕಾಶವೂ ಇದೆ. ಒಮ್ಮೆ ಬರೆದ ಉಯಿಲನ್ನು, ನೋಂದಾಯಿಸಿದ್ದರೂ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೊನೆಯ ಉಯಿಲೇ ಊರ್ಜಿತವಾಗುತ್ತದೆ.

ಸಾಕ್ಷಿಗಳ ಆಯ್ಕೆಯಲ್ಲಿ ಜನ ಎಡವುತ್ತಾರೆ. ಉಯಿಲು ವಿವಾದಕ್ಕೆ ಒಳಗಾದರೆ ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಡಬೇಕಾಗುತ್ತದೆ. ಎಪ್ಪತ್ತೈದರ ತಂದೆಯ ಉಯಿಲಿಗೆ ಎಂಬತ್ತರ ಗೆಳೆಯರು ಸಾಕ್ಷಿಗಳಾದರೆ, ಬೇಕಾದ ದಿನ ಯಾರೂ ಉಳಿದಿರುವುದಿಲ್ಲ. ಬರೆಯುವವರಿಗಿಂತ ಚಿಕ್ಕವರಾದ, ಆಸ್ತಿಯಲ್ಲಿ ಪಾಲು ಪಡೆಯದ, ಊರಿನಲ್ಲಿಯೇ ಸಿಗುವ ಇಬ್ಬರನ್ನು ಆರಿಸಿ. ವಯಸ್ಸಾದವರ ಉಯಿಲಾದರೆ ಅವರನ್ನು ನೋಡುವ ವೈದ್ಯರು ಒಬ್ಬ ಸಾಕ್ಷಿಯಾಗುವುದು ಅಥವಾ ಅಂದಿನ ದಿನಾಂಕದ ವೈದ್ಯಕೀಯ ಪ್ರಮಾಣಪತ್ರ ಪಡೆಯುವುದು ಒಳ್ಳೆಯದು. ಆಸ್ತಿಯನ್ನು ಪಡೆಯುವ ಮಗನೇ ವಕೀಲರನ್ನು ಕರೆತಂದು, ಬರೆಸಿ, ಪಕ್ಕದಲ್ಲಿ ನಿಂತು ಸಹಿ ಹಾಕಿಸಿದ ಉಯಿಲನ್ನು ನ್ಯಾಯಾಲಯಗಳು ಸಂಶಯದಿಂದಲೇ ನೋಡುತ್ತವೆ.

ಬರವಣಿಗೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಖಾತೆ ಸಂಖ್ಯೆ ಸ್ಪಷ್ಟವಾಗಿರಲಿ. ಒಬ್ಬ ಮಗನಿಗೆ ಕಡಿಮೆ ಕೊಡುವುದಾದರೆ ಕಾರಣವನ್ನು ಒಂದೆರಡು ಸಾಲಿನಲ್ಲಿ, ಕಹಿಯಿಲ್ಲದ ಮಾತಿನಲ್ಲಿ ಬರೆಯುವುದು ಉಯಿಲಿಗೆ ಬಲ ಕೊಡುತ್ತದೆ. ಪಟ್ಟಿ ಮಾಡದ ಇತರ ಆಸ್ತಿ ಯಾರಿಗೆ ಎಂಬ ಸಾಲು ತಪ್ಪದೆ ಇರಬೇಕು. ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಬರುವಷ್ಟನ್ನು ಮಾತ್ರ ಉಯಿಲು ಮಾಡಬಹುದು, ಇಡೀ ಕುಟುಂಬದ ಆಸ್ತಿಯನ್ನಲ್ಲ. ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಎಂಬುದು ಅನೇಕ ಸಲ ಸೂಕ್ಷ್ಮ ಪ್ರಶ್ನೆಯಾದ್ದರಿಂದ ಈ ಒಂದು ಅಂಶಕ್ಕೆ ವಕೀಲರ ಸಲಹೆಗೆ ಹಣ ಕೊಡುವುದು ನಷ್ಟವಲ್ಲ. ಕರ್ನಾಟಕದಲ್ಲಿ ಉಯಿಲಿಗೆ ಪ್ರೊಬೇಟ್ (ಉಯಿಲು ಸಾಚಾ ಎಂದು ನ್ಯಾಯಾಲಯ ಕೊಡುವ ದೃಢೀಕರಣ) ಪಡೆಯಲೇಬೇಕೆಂಬ ಕಡ್ಡಾಯ ಇಲ್ಲ. ಮಕ್ಕಳಿಲ್ಲದ ದಂಪತಿಗಳು, ಮದುವೆಯಾಗದವರು, ಅದರಲ್ಲೂ ತವರಿನಿಂದ ಆಸ್ತಿ ಬಂದ ಮಕ್ಕಳಿಲ್ಲದ ಹೆಂಗಸರು ಉಯಿಲು ಬರೆಯದೆ ಇರಲೇಬಾರದು. ತಂದೆತಾಯಿಯಿಂದ ಬಂದ ಅಂಥ ಆಸ್ತಿ ಗಂಡನಿಗೆ ಹೋಗದೆ ತಂದೆಯ ವಾರಸುದಾರರಿಗೆ ಮರಳುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಏಳನೆಯ ಹೆಜ್ಜೆ: ದಾನಪತ್ರದ ವಿಷಯದಲ್ಲಿ ಆತುರ ಬೇಡ

‘ಹೇಗೂ ಮಕ್ಕಳಿಗೇ ತಾನೇ’ ಎಂದು ಇದ್ದ ಒಂದು ಮನೆಯನ್ನು ದಾನಪತ್ರದ ಮೂಲಕ ಈಗಲೇ ಬರೆದುಕೊಡುವ ಹಿರಿಯರಿಗೆ ನನ್ನ ಸಲಹೆ ಒಂದೇ: ಬೇಡ. ಉಯಿಲು ನಿಮ್ಮ ಕಾಲಾನಂತರ ಜಾರಿಗೆ ಬರುತ್ತದೆ, ದಾನಪತ್ರ ನೋಂದಾಯಿಸಿದ ದಿನವೇ ಒಡೆತನವನ್ನು ದಾಟಿಸುತ್ತದೆ ಮತ್ತು ಮನಸ್ಸು ಬದಲಾಯಿತೆಂದು ಅದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಕೊಡಲೇಬೇಕಾದ ಸಂದರ್ಭ ಇದ್ದರೆ, ತಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಮತ್ತು ಅದೇ ಮನೆಯಲ್ಲಿ ವಾಸಿಸುವ ಹಕ್ಕು ತಮಗಿರಬೇಕು ಎಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಬೇಕು. ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯ್ದೆಯ 23ನೆಯ ಕಲಂ ಅಂಥ ಷರತ್ತು ಮುರಿದಾಗ ಪತ್ರವನ್ನು ರದ್ದುಪಡಿಸಲು ಅವಕಾಶ ಕೊಡುತ್ತದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು. ಷರತ್ತು ಬರೆಯದ ಪತ್ರದ ಮೇಲೆ ಈ ಪರಿಹಾರ ಪಡೆಯುವುದು ಬಹಳ ಕಷ್ಟ.

ಎಂಟನೆಯ ಹೆಜ್ಜೆ: ಸಾವು ಸಂಭವಿಸಿದ ಮೊದಲ ವಾರಗಳಲ್ಲಿ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಆದ ಸಾವನ್ನು ಆಸ್ಪತ್ರೆಯವರೇ ವರದಿ ಮಾಡುತ್ತಾರೆ. ಮನೆಯಲ್ಲಿ ಆದರೆ ಅದು ಮನೆಯವರ ಹೊಣೆ, ಮತ್ತು ಸೂತಕದ ಗಡಿಬಿಡಿಯಲ್ಲಿ ಮರೆತು ವರ್ಷ ದಾಟಿತೆಂದರೆ ನೋಂದಣಿಗೆ ಮೇಲಿನ ಅಧಿಕಾರಿಗಳ ಆದೇಶ ಬೇಕಾಗುತ್ತದೆ. ಪ್ರಮಾಣಪತ್ರದಲ್ಲಿ ಹೆಸರು ಆಧಾರಿನಲ್ಲಿ ಇರುವಂತೆಯೇ ಬಂದಿದೆಯೇ ಎಂದು ಕೈಗೆ ಬಂದ ತಕ್ಷಣ ನೋಡಿ, ಹಲವು ಪ್ರತಿಗಳನ್ನು ಪಡೆದಿಟ್ಟುಕೊಳ್ಳಿ.

ತೀರಿಕೊಂಡವರ ಎಟಿಎಂ ಕಾರ್ಡಿನಿಂದಲೋ ಮೊಬೈಲಿನಿಂದಲೋ ಹಣ ತೆಗೆಯುವುದನ್ನು, ಪಿನ್ ಗೊತ್ತಿದ್ದರೂ, ಖರ್ಚು ಅವರ ಕ್ರಿಯೆಗಳಿಗೇ ಆದರೂ ಮಾಡಬಾರದು. ಮುಂದೆ ಇತರ ವಾರಸುದಾರರು ಪ್ರಶ್ನಿಸಿದಾಗ ಅದಕ್ಕೆ ಸಮರ್ಥನೆ ಸಿಗುವುದಿಲ್ಲ. ಆದರೆ ಅವರ ಸಿಮ್ ಅನ್ನು ಕೆಲವು ತಿಂಗಳು ಚಾಲ್ತಿಯಲ್ಲಿ ಇಡಿ, ಏಕೆಂದರೆ ವಿಮೆಯ ಕಂತು, ಠೇವಣಿಯ ಅವಧಿ, ಸಾಲದ ಕಂತಿನ ಸಂದೇಶಗಳು ಅದಕ್ಕೇ ಬರುತ್ತವೆ, ಮತ್ತು ನೋಟುಪುಸ್ತಕದಲ್ಲಿ ಬಿಟ್ಟುಹೋದ ಖಾತೆಗಳು ಹೀಗೆ ಪತ್ತೆಯಾಗುವುದುಂಟು. ಪಿಂಚಣಿದಾರರಾಗಿದ್ದರೆ ಬ್ಯಾಂಕಿಗೆ ಕೂಡಲೇ ತಿಳಿಸಬೇಕು. ಸಾವಿನ ನಂತರ ಜಮೆಯಾದ ಪಿಂಚಣಿಯನ್ನು ಹಿಂದಿರುಗಿಸಬೇಕಾಗುತ್ತದೆ, ಸಂಗಾತಿಗೆ ಕುಟುಂಬ ಪಿಂಚಣಿ ಆರಂಭವಾಗುವುದೂ ಆ ಅರ್ಜಿಯ ನಂತರವೇ. ಪಾಸ್‌ಪುಸ್ತಕದಲ್ಲಿ 436 ಅಥವಾ 20 ರೂಪಾಯಿಯ ಕಡಿತ ಕಂಡಿದ್ದರೆ ಅದೇ ಶಾಖೆಯಲ್ಲಿ ವಿಮೆಯ ಫಾರಂ ಕೇಳಿ ತುಂಬಿಕೊಡಿ.

ನಾಮಿನಿ ಇರುವ ಠೇವಣಿಯ ಹಣವನ್ನು ಸರಿಯಾದ ದಾಖಲೆ ಸಲ್ಲಿಸಿದ 15 ದಿನಗಳೊಳಗೆ ಬ್ಯಾಂಕು ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಾಮಿನಿಯೂ ಇಲ್ಲದೆ, ಉಯಿಲೂ ಇಲ್ಲದೆ, ಮೊತ್ತ ದೊಡ್ಡದಾಗಿದ್ದಾಗ ಬ್ಯಾಂಕುಗಳು ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತವೆ. ಅದು ಠೇವಣಿ, ಷೇರುಗಳಂಥ ಚರಾಸ್ತಿಗೆ ಸಲ್ಲುತ್ತದೆ. ಜಮೀನು, ಮನೆಗೆ ವಂಶವೃಕ್ಷದ ಆಧಾರದ ಪೌತಿ ಖಾತೆಯ ದಾರಿಯೇ ಬೇರೆ. ಎರಡನ್ನೂ ಒಟ್ಟಿಗೆ ಆರಂಭಿಸಬಹುದು, ಒಂದು ಮುಗಿಯಲೆಂದು ಇನ್ನೊಂದನ್ನು ನಿಲ್ಲಿಸಬೇಕಿಲ್ಲ. ಸ್ವೀಕರಿಸಿದ ಪ್ರತಿ ಅರ್ಜಿಗೂ ಕಚೇರಿಯ ಮೊಹರು ಮತ್ತು ದಿನಾಂಕ ಇರುವ ಸ್ವೀಕೃತಿ ಪಡೆದು, ಅದನ್ನೂ ಆ ನೋಟುಪುಸ್ತಕದೊಳಗೆ ಅಂಟಿಸಿ.